ಸೌದೆ ಕೊಟ್ಟಿಗೆಯ ಪ್ರಯೋಗಶಾಲೆ

(ಪದವಿ ತರಗತಿಗಳ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ನಿಮ್ಮಲ್ಲಿ ಕೆಲವರಾದರೂ ಮಧ್ಯಾಹ್ನದ ಬುತ್ತಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಂದಿರಬಹುದು. ಮನೆಯಲ್ಲಿ ಹಾಲು ಕಾಯಿಸಿದ್ದು ಹಿಂಡಾಲಿಯಂ ಪಾತ್ರೆಯಲ್ಲಿರಬಹುದು. ಊರಿನ ವಿದ್ಯುತ್ ಕಂಬದಿಂದ ಕಂಬಕ್ಕೆ ಹಾದು ಹೋದ ತಂತಿಯೂ ಅದೇ ಲೋಹದ್ದು. ಇಷ್ಟು ಸಾಮಾನ್ಯವಾದ ಈ ವಸ್ತು ಒಂದೂವರೆ ಶತಮಾನದ ಹಿಂದೆ ಅರಮನೆಯ ಸೊತ್ತಾಗಿತ್ತು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ತನ್ನ ಆಪ್ತ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚಗಳನ್ನೂ ಉಳಿದವರಿಗೆ ಚಿನ್ನದ ಚಮಚಗಳನ್ನೂ ಇಡಿಸುತ್ತಿದ್ದನೆಂದು ಪ್ರತೀತಿ. 1884ರಲ್ಲಿ ಅಮೆರಿಕದ ರಾಜಧಾನಿಯಲ್ಲಿ ವಾಷಿಂಗ್ಟನ್ ಸ್ಮಾರಕ ಕಟ್ಟಿ ಮುಗಿದಾಗ ಅದರ ತುದಿಗೆ ಕಳಶವಾಗಿ ಇಟ್ಟದ್ದು ಸುಮಾರು ಮೂರು ಕಿಲೋ ತೂಕದ ಅಲ್ಯೂಮಿನಿಯಂ ತುಂಡನ್ನು. ಬೆಳ್ಳಿಗೆ ಸಮನಾದ ಮರ್ಯಾದೆ ಆಗ ಅದಕ್ಕಿತ್ತು.

ಆ ಲೋಹವನ್ನು ಅರಮನೆಯಿಂದ ಅಡುಗೆಮನೆಗೆ ಇಳಿಸಿದವನು ಯಾವುದೇ ದೊಡ್ಡ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ಸಣ್ಣ ಊರೊಂದರ ಸಣ್ಣ ಕಾಲೇಜಿನಲ್ಲಿ ಬಿ.ಎ. ಮುಗಿಸಿ ವರ್ಷವೂ ತುಂಬದ, 22ರ ಹರೆಯದ ಹುಡುಗ. ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆ ಏಕೆ, ಅದು ಅವರ ಕೈಲಾಗುವ ಕೆಲಸವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಅವನ ಕಥೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಒಬರ್ಲಿನ್‌ನ ಹುಡುಗ

ಅಮೆರಿಕದ ಓಹಾಯೋ ರಾಜ್ಯದಲ್ಲಿ ಒಬರ್ಲಿನ್ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿಯ ಕಾಲೇಜು ಸ್ಥಾಪನೆಯಾದದ್ದು 1833ರಲ್ಲಿ. 1880ರಲ್ಲಿ ಆ ಕಾಲೇಜಿಗೆ ಫ್ರಾಂಕ್ ಫ್ಯಾನಿಂಗ್ ಜ್ಯುವೆಟ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕ ಬಂದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ವ್ಯಾಸಂಗ ಮಾಡಿ, ಜಪಾನಿನ ಟೋಕಿಯೋದಲ್ಲಿ ಪಾಠ ಹೇಳಿ ಬಂದಿದ್ದವರು. ಅಲ್ಯೂಮಿನಿಯಂ ಲೋಹವನ್ನು 1827ರಲ್ಲಿ ಬೇರ್ಪಡಿಸಿದ್ದ ಫ್ರೆಡರಿಕ್ ವೋಲರ್ ಎಂಬ ಹಿರಿಯ ವಿಜ್ಞಾನಿಯನ್ನು ಗಾಟಿಂಗೆನ್‌ನಲ್ಲಿ ಕಂಡಿದ್ದವರು. ತರಗತಿಯಲ್ಲಿ ಒಂದು ದಿನ ಅವರು ಅಲ್ಯೂಮಿನಿಯಂನ ಒಂದು ಚೂರನ್ನು ತೋರಿಸಿ, ಇದನ್ನು ಅಗ್ಗವಾಗಿ ತಯಾರಿಸುವ ದಾರಿ ಕಂಡುಹಿಡಿದವನು ಲೋಕಕ್ಕೂ ಉಪಕಾರ ಮಾಡಿಯಾನು, ತಾನೂ ಶ್ರೀಮಂತನಾದಾನು ಎಂದರಂತೆ. ಬೆಂಚಿನಲ್ಲಿ ಕುಳಿತಿದ್ದ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ವಿದ್ಯಾರ್ಥಿ ಪಕ್ಕದವನ ಕಡೆ ತಿರುಗಿ, ಆ ಲೋಹದ ಬೆನ್ನು ಹತ್ತುವವನು ತಾನೇ ಎಂದನಂತೆ.

ಇಂಥ ಮಾತುಗಳನ್ನು ಎಲ್ಲ ಕಾಲೇಜುಗಳಲ್ಲೂ ಅಧ್ಯಾಪಕರು ಆಡುತ್ತಾರೆ, ಹುಡುಗರು ಕೇಳುತ್ತಾರೆ, ಗಂಟೆ ಹೊಡೆದ ಮೇಲೆ ಮರೆಯುತ್ತಾರೆ. ಒಬರ್ಲಿನ್‌ನಲ್ಲಿ ಆದ ವಿಶೇಷವೆಂದರೆ ಗಂಟೆ ಹೊಡೆದ ಮೇಲೂ ಮಾತು ಮುಂದುವರಿಯಿತು. ಜ್ಯುವೆಟ್ ಆ ಹುಡುಗನಿಗೆ ತಮ್ಮ ಪ್ರಯೋಗಾಲಯದ ಬಾಗಿಲು ತೆರೆದರು. ಸಾಮಗ್ರಿ ಕೊಟ್ಟರು, ಹೊಸ ಪುಸ್ತಕಗಳಲ್ಲಿ ಏನು ಬಂದಿದೆಯೆಂದು ತಿಳಿಸಿದರು. ಹಾಲ್ 1885ರಲ್ಲಿ ಪದವಿ ಪಡೆದ ಮೇಲೆ ಮನೆಯ ಹಿಂಬದಿಯ ಸೌದೆ ಕೊಟ್ಟಿಗೆಯೇ ಪ್ರಯೋಗಶಾಲೆಯಾಯಿತು.

ಅವನ ಮುಂದಿದ್ದ ಸಮಸ್ಯೆ ಇಷ್ಟು. ಅಲ್ಯೂಮಿನಿಯಂ ಭೂಮಿಯಲ್ಲಿ ಹೇರಳವಾಗಿದೆ. ಆದರೆ ಆಮ್ಲಜನಕದೊಡನೆ ಬಿಗಿಯಾಗಿ ಬೆಸೆದುಕೊಂಡು ಅಲ್ಯೂಮಿನಾ ಎಂಬ ಬಿಳಿಯ ಪುಡಿಯ ರೂಪದಲ್ಲಿರುತ್ತದೆ. ವಿದ್ಯುತ್ ಹರಿಸಿ ಎರಡನ್ನೂ ಬಿಡಿಸಬಹುದು. ಅದಕ್ಕೆ ಮೊದಲು ಅಲ್ಯೂಮಿನಾ ದ್ರವವಾಗಬೇಕು. ಅದು ಕರಗಲು 2,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಸೌದೆ ಕೊಟ್ಟಿಗೆಯಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು?

ಕಲ್ಲುಸಕ್ಕರೆಯನ್ನು ಬಾಣಲೆಗೆ ಹಾಕಿ ಕರಗಿಸುವುದು ಕಷ್ಟ, ನೀರಿನಲ್ಲಿ ಹಾಕಿದರೆ ತಾನಾಗಿ ಕರಗುತ್ತದೆ. ಹಾಲ್ ಹಿಡಿದದ್ದು ಈ ದಾರಿಯನ್ನೇ. ಅಲ್ಯೂಮಿನಾವನ್ನು ಕರಗಿಸಿಕೊಳ್ಳಬಲ್ಲ ‘ನೀರು’ ಯಾವುದೆಂದು ಹುಡುಕುತ್ತ ಹೋದ. ಒಂದರ ನಂತರ ಒಂದು ಲವಣ ಸೋತಿತು. ಕೊನೆಗೆ ಕ್ರಯೋಲೈಟ್ ಎಂಬ ಖನಿಜ ಸಿಕ್ಕಿತು. ಅದು ಸುಮಾರು 1,000 ಡಿಗ್ರಿಯಲ್ಲಿ ಕರಗುತ್ತದೆ, ಕರಗಿದಾಗ ಅಲ್ಯೂಮಿನಾವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆದರೂ ಮೊದಲ ಪ್ರಯತ್ನದಲ್ಲಿ ಲೋಹ ಬರಲಿಲ್ಲ. ಮಣ್ಣಿನ ಮೂಸೆಯಲ್ಲಿದ್ದ ಸಿಲಿಕಾ ದ್ರಾವಣಕ್ಕೆ ಬೆರೆತು ಕೆಲಸ ಕೆಡಿಸುತ್ತಿದೆಯೆಂದು ಅವನು ಊಹಿಸಿದ. ಮೂಸೆಯ ಒಳಗೆ ಇಂಗಾಲದ ಪದರ ಕಟ್ಟಿದ. 1886ರ ಫೆಬ್ರುವರಿ 23ರಂದು, ತಾನೇ ಮಾಡಿಕೊಂಡಿದ್ದ ಬ್ಯಾಟರಿಗಳಿಂದ ಕೆಲವು ಗಂಟೆ ವಿದ್ಯುತ್ ಹರಿಸಿ, ಮೂಸೆ ತಣಿದ ಮೇಲೆ ಒಡೆದು ನೋಡಿದಾಗ ಬೆಳ್ಳಿಯ ಬಣ್ಣದ ಪುಟ್ಟ ಗುಂಡುಗಳು ಕಂಡವು. ಅವನ್ನು ಅಂಗೈಯಲ್ಲಿಟ್ಟುಕೊಂಡು ಹುಡುಗ ತಮ್ಮ ಬಳಿಗೆ ಓಡಿಬಂದುದನ್ನು ಜ್ಯುವೆಟ್ ಮುಂದೆ ನೆನಪಿಸಿಕೊಂಡಿದ್ದಾರೆ. ಅಲ್ಕೋವಾ ಕಂಪನಿಯಲ್ಲಿ ಆ ಗುಂಡುಗಳಿಗೆ ‘ಕಿರೀಟದ ರತ್ನಗಳು’ ಎಂಬ ಹೆಸರಾಯಿತು.

ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ, ಹಾಲ್‌ನಷ್ಟೇ ವಯಸ್ಸಿನ ಯುವಕ ಇದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಹಿಡಿದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ಸತ್ತದ್ದು 1914ರಲ್ಲಿ. ಇಂದಿಗೂ ಜಗತ್ತಿನಲ್ಲಿ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದು ‘ಹಾಲ್–ಎರೂ ವಿಧಾನ’ದಿಂದಲೇ. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಸಿದ್ಧವಾಗುವ ಅಲ್ಯೂಮಿನಾ ಲೋಹವಾಗಬೇಕಾದರೂ ಈ ದಾರಿಯನ್ನೇ ಹಾಯಬೇಕು. 1888ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಉತ್ಪಾದನೆ ಶುರುವಾಯಿತು. 1890ರ ದಶಕ ಮುಗಿಯುವುದರೊಳಗೆ ಪೌಂಡ್ ಅಲ್ಯೂಮಿನಿಯಂ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಸಿಗತೊಡಗಿತು.

ಅಕ್ಕನ ಟಿಪ್ಪಣಿ

ಈ ಕಥೆಯಲ್ಲಿ ಬಹುಕಾಲ ಹೆಸರು ಕೇಳದೆ ಹೋದವಳು ಒಬ್ಬಳಿದ್ದಾಳೆ. ಅವಳು ಹಾಲ್‌ನ ಅಕ್ಕ ಜೂಲಿಯಾ. ಅವಳೂ ಒಬರ್ಲಿನ್‌ನಲ್ಲೇ ರಸಾಯನಶಾಸ್ತ್ರ ಓದಿದ್ದಳು. ಮನೆಯ ಹೊಣೆ ಹೊತ್ತಿದ್ದ ಆಕೆ ತಮ್ಮನ ಕೆಲಸವನ್ನು ದಿನದಿನವೂ ನೋಡುತ್ತಿದ್ದಳು, ಚರ್ಚಿಸುತ್ತಿದ್ದಳು, ಬರೆದಿಡುತ್ತಿದ್ದಳು. ಫ್ರಾನ್ಸಿನ ಎರೂ 1886ರ ಏಪ್ರಿಲ್‌ನಲ್ಲೇ ಅಲ್ಲಿ ಪೇಟೆಂಟ್ ಪಡೆದಿದ್ದ. ಹಾಲ್ ಅಮೆರಿಕದಲ್ಲಿ ಅರ್ಜಿ ಹಾಕಿದ್ದು ಜುಲೈನಲ್ಲಿ. ವಿವಾದ ಬಂದಾಗ ಫೆಬ್ರುವರಿ 23ರಂದೇ ಲೋಹ ಸಿಕ್ಕಿತ್ತೆಂದು ರುಜುವಾತು ಮಾಡಬೇಕಾಯಿತು. ಆಗ ಕೈಹಿಡಿದದ್ದು ತಾರೀಖು ಹಾಕಿದ ಪತ್ರಗಳು ಮತ್ತು ಅಕ್ಕನ ಸಾಕ್ಷ್ಯ. 1889ರಲ್ಲಿ ಅಮೆರಿಕದ ಪೇಟೆಂಟ್ ಹಾಲ್‌ಗೆ ದೊರೆಯಿತು. ಕೀರ್ತಿಯಲ್ಲಿ ಜೂಲಿಯಾಳಿಗೆ ಎಷ್ಟು ಪಾಲು ಸಲ್ಲಬೇಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಆದರೆ ರಸಾಯನಶಾಸ್ತ್ರ ಬಲ್ಲ ಒಬ್ಬ ಹೆಣ್ಣುಮಗಳು ಆ ಮನೆಯಲ್ಲಿದ್ದಳು ಎಂಬುದು ಆಕಸ್ಮಿಕವಲ್ಲ. ಒಬರ್ಲಿನ್ 1835ರಲ್ಲೇ ಕರಿಯ ಜನಾಂಗದ ವಿದ್ಯಾರ್ಥಿಗಳಿಗೂ, 1837ರಲ್ಲಿ ಪದವಿ ವ್ಯಾಸಂಗಕ್ಕೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದ್ದ ಕಾಲೇಜು. ಮೊದಲು ಸೇರಿದ ನಾಲ್ವರು ಹೆಣ್ಣುಮಕ್ಕಳಲ್ಲಿ ಮೂವರು 1841ರಲ್ಲಿ ಪದವಿ ಪಡೆದರು. ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಯಾವ ಜ್ಞಾನ ಹುಟ್ಟುತ್ತದೆ ಎಂಬುದೂ ನಿಂತಿರುತ್ತದೆ.

‘ಉದಾರ’ ವಿದ್ಯೆ

ಒಬರ್ಲಿನ್ ಮಾದರಿಯ ಕಾಲೇಜುಗಳಿಗೆ ‘ಲಿಬರಲ್ ಆರ್ಟ್ಸ್ ಕಾಲೇಜು’ ಎಂದು ಹೆಸರು. ಆರ್ಟ್ಸ್ ಎಂದೊಡನೆ ನಮ್ಮಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದುಕೊಳ್ಳುವುದು ರೂಢಿ. ಮೂಲದಲ್ಲಿ ಅರ್ಥ ಬೇರೆ. ಪ್ರಾಚೀನ ಯುರೋಪಿನಲ್ಲಿ ಗುಲಾಮನಲ್ಲದ ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆಗಳೆಂದು ಏಳನ್ನು ಎಣಿಸುತ್ತಿದ್ದರು: ವ್ಯಾಕರಣ, ತರ್ಕ, ವಾಕ್ಪಟುತ್ವ, ಅಂಕಗಣಿತ, ರೇಖಾಗಣಿತ, ಸಂಗೀತ ಮತ್ತು ಖಗೋಳ. ನಮ್ಮ ಅರವತ್ನಾಲ್ಕು ವಿದ್ಯೆಗಳ ಪಟ್ಟಿಯ ಹಾಗೆ ಇದೂ ಒಂದು ಪಟ್ಟಿ. ಇದರಲ್ಲಿ ಗಣಿತವೂ ಇದೆ, ಸಂಗೀತವೂ ಇದೆ ಎಂಬುದು ಗಮನಾರ್ಹ. ಈ ಕಾಲೇಜುಗಳಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ಕಾವ್ಯ ಓದುತ್ತಾನೆ, ಇತಿಹಾಸದ ವಿದ್ಯಾರ್ಥಿನಿ ಪ್ರಯೋಗಾಲಯಕ್ಕೆ ಹೋಗುತ್ತಾಳೆ.

ಇನ್ನೊಂದು ಲಕ್ಷಣವೂ ಮುಖ್ಯ. ಇವು ಸಣ್ಣ ಕಾಲೇಜುಗಳು. ಇವುಗಳಲ್ಲಿ ಬಹುಪಾಲು ಕಡೆ ಸ್ನಾತಕೋತ್ತರ ವಿಭಾಗಗಳೇ ಇಲ್ಲ. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನ ಬಲಗೈ ಪಿಎಚ್.ಡಿ. ವಿದ್ಯಾರ್ಥಿ. ಬೆಲೆಬಾಳುವ ಉಪಕರಣ ಮುಟ್ಟುವ ಹಕ್ಕು ಮೊದಲು ಅವನದು. ಸಣ್ಣ ಕಾಲೇಜಿನಲ್ಲಿ ಅಂಥವನು ಇಲ್ಲದ್ದರಿಂದ ಅಧ್ಯಾಪಕನಿಗೆ ತನ್ನ ಸಂಶೋಧನೆ ಮುಂದುವರಿಯಬೇಕಿದ್ದರೆ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರನ್ನೇ ಜೊತೆಗೆ ಕಟ್ಟಿಕೊಳ್ಳಬೇಕು. ಕೊರತೆಯೇ ಅನುಕೂಲವಾದ ಪ್ರಸಂಗ ಇದು.

ಪ್ರಬಂಧ ಒಪ್ಪಿಸುವ ಸೋಮವಾರ

ಹಾಲ್‌ನ ಕಾಲದಲ್ಲಿ ಇದೆಲ್ಲ ಒಬ್ಬ ಅಧ್ಯಾಪಕನ ಒಳ್ಳೆಯತನದ ಮೇಲೆ ನಿಂತಿತ್ತು. ಅದು ಒಂದು ವ್ಯವಸ್ಥೆಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಅಧ್ಯಕ್ಷ ಫ್ರಾಂಕ್ ಏಡಲಾಟ್ 1922ರಲ್ಲಿ ಆನರ್ಸ್ ಪದ್ಧತಿ ತಂದರು. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದಿದ್ದ ಅವರಿಗೆ ಅಲ್ಲಿಯ ಮಾದರಿ ಹಿಡಿಸಿತ್ತು. ಉಪನ್ಯಾಸದ ಬದಲು ಕೆಲವೇ ವಿದ್ಯಾರ್ಥಿಗಳು ಸುತ್ತ ಕುಳಿತು ಚರ್ಚಿಸುವ ಗೋಷ್ಠಿ. ಕೊನೆಯಲ್ಲಿ ಪರೀಕ್ಷೆ ನಡೆಸುವವರು ಹೊರಗಿನ ವಿದ್ವಾಂಸರು. ಹೀಗಾಗಿ ಅಧ್ಯಾಪಕ ಪರೀಕ್ಷಕನ ಸ್ಥಾನದಿಂದ ಇಳಿದು ವಿದ್ಯಾರ್ಥಿಯ ಪಕ್ಷ ವಹಿಸುವ ಜೊತೆಗಾರನಾಗುತ್ತಾನೆ.

ಸ್ವಾರ್ಥ್‌ಮೋರ್‌ನ ಪದ್ಧತಿ ಆಯ್ದ ವಿದ್ಯಾರ್ಥಿಗಳಿಗೆ. ಅದನ್ನು ಎಲ್ಲರಿಗೂ ಹಂಚಿದ್ದು ಓಹಾಯೋದ ವೂಸ್ಟರ್ ಕಾಲೇಜು. ಅಲ್ಲಿಯ ಅಧ್ಯಕ್ಷ ಹವರ್ಡ್ ಲೌರಿ 1940ರ ದಶಕದ ಕೊನೆಯಲ್ಲಿ ಜಾರಿಗೆ ತಂದ ನಿಯಮದಂತೆ ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ಸ್ವಂತ ಅಧ್ಯಯನ ನಡೆಸಿ ಪ್ರಬಂಧ ಒಪ್ಪಿಸಬೇಕು. ಮೊದಲ ದರ್ಜೆಯವರು ಮಾತ್ರವಲ್ಲ, ಎಲ್ಲರೂ. ಪ್ರಬಂಧ ಒಪ್ಪಿಸುವ ಸೋಮವಾರ ಅಲ್ಲಿ ಹಬ್ಬದ ದಿನ. ಬ್ಯಾಗ್‌ಪೈಪ್ ವಾದ್ಯದೊಡನೆ ಮೆರವಣಿಗೆ ಹೊರಡುತ್ತದೆ. ಒಂದು ವರ್ಷ ನಿದ್ದೆಗೆಟ್ಟು ದುಡಿದವರಿಗೆ ಕಾಲೇಜು ಕೊಡುವ ಬಹುಮಾನ ಒಂದು ಮಿಠಾಯಿ!

ಪಶ್ಚಿಮದ ಆರಿಗನ್ ರಾಜ್ಯದ ರೀಡ್ ಕಾಲೇಜಿನಲ್ಲೂ ಪ್ರಬಂಧ ಬರೆಯದೆ ಪದವಿಯಿಲ್ಲ. ಅದರ ಹೆಸರು ಇನ್ನೊಂದು ಕಾರಣಕ್ಕೂ ಕೇಳಿಬರುತ್ತದೆ. 1968ರಿಂದ ಅಲ್ಲೊಂದು ಪುಟ್ಟ ಅಣು ರಿಯಾಕ್ಟರ್ ಇದೆ. ವಿದ್ಯುತ್ ಉತ್ಪಾದನೆಗಲ್ಲ, ಸಂಶೋಧನೆಗೆ. ಅದನ್ನು ಮುಖ್ಯವಾಗಿ ನಡೆಸುವವರು ಪದವಿ ವಿದ್ಯಾರ್ಥಿಗಳೇ. ಸಾಹಿತ್ಯ ಓದುವವರೂ ತರಬೇತಿ ಪಡೆದು, ಸರ್ಕಾರಿ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆಯಬಹುದು. ಇಪ್ಪತ್ತರ ಹುಡುಗಿಯ ಕೈಗೆ ರಿಯಾಕ್ಟರಿನ ಕೀಲಿ ಕೊಡುವುದೆಂದರೆ ಅವಳ ಮೇಲೆ ನಂಬಿಕೆ ಇಡುವುದು. ನಂಬಿಕೆ ಇಟ್ಟರೆ ಹೊಣೆಗಾರಿಕೆ ತಾನಾಗಿ ಬರುತ್ತದೆ ಎಂಬುದು ಆ ಕಾಲೇಜಿನ ಅನುಭವ.

ಒಬರ್ಲಿನ್‌ನಲ್ಲಿ 1960ರ ದಶಕದ ಕೊನೆಯಲ್ಲಿ ಎರಡು ಹೊಸ ಏರ್ಪಾಡುಗಳು ಬಂದವು. ಒಂದು, ಜನವರಿಯಿಡೀ ತರಗತಿಗಳಿಲ್ಲದೆ ವಿದ್ಯಾರ್ಥಿ ತಾನೇ ಆರಿಸಿಕೊಂಡ ಒಂದು ಕೆಲಸದಲ್ಲಿ ತೊಡಗುವ ‘ಚಳಿಗಾಲದ ಅವಧಿ’. ಇನ್ನೊಂದು, ವಿದ್ಯಾರ್ಥಿಗಳೇ ಪರಸ್ಪರ ಪಾಠ ಹೇಳುವ ‘ಪ್ರಾಯೋಗಿಕ ಕಾಲೇಜು’. ಕಲಿಯಲು ಒಳ್ಳೆಯ ದಾರಿ ಕಲಿಸುವುದು ಎಂಬ ಹಳೆಯ ಮಾತಿಗೆ ಇದು ಕಾರ್ಯರೂಪ.

ಬೇಸಿಗೆಯ ಹತ್ತು ವಾರ

ಬೇಸಿಗೆ ರಜೆಯೂ ಈ ವ್ಯವಸ್ಥೆಯ ಒಂದು ಅಂಗ. ಸಣ್ಣ ಕಾಲೇಜುಗಳ ರಸಾಯನಶಾಸ್ತ್ರ ಅಧ್ಯಾಪಕರು ಮುಂದಾಗಿ 1978ರಲ್ಲಿ ಪದವಿ ಮಟ್ಟದ ಸಂಶೋಧನೆಗೆಂದೇ ಒಂದು ಮಂಡಳಿ ಕಟ್ಟಿಕೊಂಡರು. 1987ರಿಂದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇದಕ್ಕೆ ವ್ಯವಸ್ಥಿತವಾಗಿ ಹಣ ಒದಗಿಸತೊಡಗಿತು. ಸಾಮಾನ್ಯವಾಗಿ ಹತ್ತು ವಾರ. ವಿದ್ಯಾರ್ಥಿಗೆ ಭತ್ಯೆ, ಇರಲು ಜಾಗ. ಕೊನೆಗೆ ತನ್ನ ಕೆಲಸವನ್ನು ದೊಡ್ಡ ಹಾಳೆಯ ಮೇಲೆ ಬರೆದು ನಿಲ್ಲಿಸಿ, ಬಂದವರ ಪ್ರಶ್ನೆಗೆ ಉತ್ತರಿಸುವುದು.

ಇದರಿಂದ ಆದ ಲಾಭವೇನು? ಐಯೋವಾ ರಾಜ್ಯದ ಗ್ರಿನೆಲ್ ಕಾಲೇಜಿನಲ್ಲಿ 1970ರಲ್ಲಿ ಪದವಿ ಪಡೆದ ಥಾಮಸ್ ಚೆಕ್ 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಹತ್ತು ವರ್ಷಗಳ ನಂತರ ಅವರೊಂದು ಲೇಖನ ಬರೆದು, ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ ಲೆಕ್ಕ ಹಾಕಿದರೆ ಲಿಬರಲ್ ಆರ್ಟ್ಸ್ ಕಾಲೇಜುಗಳಿಂದ ಹೊರಬಂದು ಮುಂದೆ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆಯುವವರ ಪ್ರಮಾಣ ಪದವಿ ಸಂಸ್ಥೆಗಳ ಒಟ್ಟಾರೆ ಪ್ರಮಾಣದ ಸುಮಾರು ಎರಡು ಪಟ್ಟು ಎಂದು ತೋರಿಸಿದರು. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಜೆನಿಫರ್ ಡೌಡ್ನ ಎಂಬ ವಿದ್ಯಾರ್ಥಿನಿಗೆ ರಸಾಯನಶಾಸ್ತ್ರ ತನಗೆ ಒಗ್ಗೀತೇ ಎಂಬ ಅನುಮಾನ ಬಂದು, ಫ್ರೆಂಚ್ ಭಾಷೆಗೆ ಬದಲಾಗುವ ಯೋಚನೆ ಮಾಡಿದ್ದಳು. ರಸಾಯನಶಾಸ್ತ್ರವನ್ನು ಬಿಡಬೇಡ ಎಂದವರು ಫ್ರೆಂಚ್ ಅಧ್ಯಾಪಕಿಯೇ! ಶರೋನ್ ಪನಸೆಂಕೊ ಎಂಬ ಅಧ್ಯಾಪಕಿಯ ಪ್ರಯೋಗಾಲಯದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತ ಅವಳಿಗೆ ಸಂಶೋಧನೆಯ ರುಚಿ ಹತ್ತಿತು. 1985ರಲ್ಲಿ ಪದವಿ ಪಡೆದ ಆಕೆ ಮುಂದೆ ಇದೇ ಚೆಕ್ ಅವರ ಪ್ರಯೋಗಾಲಯದಲ್ಲೂ ದುಡಿದು, ಜೀನ್ ತಿದ್ದುವ ವಿಧಾನಕ್ಕಾಗಿ 2020ರ ನೊಬೆಲ್ ಪ್ರಶಸ್ತಿಗೆ ಪಾಲುದಾರಳಾದಳು.

ಆದರೆ ನೊಬೆಲ್ ಹೆಸರು ಹೇಳಿ ಯಾರನ್ನೂ ಮರುಳು ಮಾಡಬಾರದು. ಪದವಿಯಲ್ಲಿ ಸಂಶೋಧನೆ ಮಾಡಿದ ಸಾವಿರಾರು ಜನರಲ್ಲಿ ಹೊಸ ಲೋಹದ ದಾರಿ ಕಾಣುವವನು ಒಬ್ಬನೂ ಇಲ್ಲದಿರಬಹುದು. ಉಳಿದವರು ಮೇಷ್ಟರಾಗುತ್ತಾರೆ, ಬ್ಯಾಂಕ್ ಗುಮಾಸ್ತರಾಗುತ್ತಾರೆ, ವಕೀಲರಾಗುತ್ತಾರೆ. ಅವರಿಗೆ ದಕ್ಕುವುದು ಬೇರೊಂದು. ಉತ್ತರ ಪುಸ್ತಕದ ಹಿಂಬದಿಯಲ್ಲಿಲ್ಲದ ಪ್ರಶ್ನೆಯನ್ನು ಒಮ್ಮೆಯಾದರೂ ಎದುರಿಸಿದ ಅನುಭವ. ಮೂಸೆಯಲ್ಲಿ ಲೋಹ ಬಾರದಿದ್ದಾಗ ಹಣೆಬರಹ ಎನ್ನದೆ, ಮೂಸೆಯಲ್ಲೇ ದೋಷವಿದೆಯೇನೋ ಎಂದು ನೋಡುವ ಅಭ್ಯಾಸ.

ಖರ್ಚು ಯಾರದು?

ಈ ವ್ಯವಸ್ಥೆಯ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮಾತು ಅಪೂರ್ಣ. ಇದು ಬಹಳ ದುಬಾರಿ. ಅಮೆರಿಕದ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಸೇರಿ ವಾರ್ಷಿಕ ವೆಚ್ಚ 80 ಸಾವಿರ ಡಾಲರ್ ದಾಟಿದೆ. ವಿದ್ಯಾರ್ಥಿವೇತನಗಳಿರುವುದರಿಂದ ಎಲ್ಲರೂ ಅಷ್ಟು ಕಟ್ಟುವುದಿಲ್ಲ ಎಂಬುದು ನಿಜ. ಆದರೂ ಹಣವಿಲ್ಲದ ಮನೆಯ ಹುಡುಗನಿಗೆ ಬೇಸಿಗೆಯಲ್ಲಿ ಭತ್ಯೆಯಿಲ್ಲದೆ ಪ್ರಯೋಗಾಲಯದಲ್ಲಿ ನಿಲ್ಲುವುದೆಂದರೆ ಕೂಲಿ ಬಿಟ್ಟು ನಿಂತ ಹಾಗೆ. ಈ ಸತ್ಯ ಅರಿತ ಮೇಲೆಯೇ ಅಲ್ಲಿ ಬೇರೆ ಯೋಜನೆಗಳು ಬಂದವು. 1986ರ ಚಾಲೆಂಜರ್ ದುರಂತದಲ್ಲಿ ಮಡಿದ ಕಪ್ಪು ಜನಾಂಗದ ಗಗನಯಾತ್ರಿ, ಭೌತವಿಜ್ಞಾನಿ ರೊನಾಲ್ಡ್ ಮೆಕ್‌ನೇರ್ ಹೆಸರಿನ ಸರ್ಕಾರಿ ಕಾರ್ಯಕ್ರಮ, ಮನೆಯಲ್ಲಿ ಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದ ಬಡ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸಿದ್ಧಗೊಳಿಸಲೆಂದೇ ಇರುವಂಥದು.

ಸಣ್ಣ ಕಾಲೇಜುಗಳಿಗೆ ಕಷ್ಟಕಾಲವೂ ಬಂದಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 1868ರಲ್ಲಿ ಆರಂಭವಾಗಿದ್ದ ವೆಲ್ಸ್ ಕಾಲೇಜು ಹಣದ ಮುಗ್ಗಟ್ಟಿನಿಂದ 2024ರಲ್ಲಿ ಬಾಗಿಲು ಮುಚ್ಚಿತು. ಕೆಲವೇ ವಿದ್ಯಾರ್ಥಿಗಳ ಮೇಲೆ ಒಬ್ಬ ಅಧ್ಯಾಪಕನ ಪೂರ್ತಿ ಗಮನ ಎಂಬ ತತ್ವ ಕೇಳಲು ಸೊಗಸು, ನಡೆಸಲು ಕಠಿಣ.

ನಮ್ಮ ಮಾತು

ಹಾಗಾದರೆ ನಮ್ಮ ಪದವಿ ಕಾಲೇಜುಗಳಿಗೆ ಇದರಿಂದ ಕಲಿಯುವುದೇನಾದರೂ ಇದೆಯೇ? ತರಗತಿಯಲ್ಲಿ ನೂರು ಜನ, ಅತಿಥಿ ಉಪನ್ಯಾಸಕರ ಮೇಲೆ ನಿಂತ ವಿಭಾಗಗಳು, ಬೀಗ ಹಾಕಿದ ಬೀರುವಿನಲ್ಲಿ ಮೈಕ್ರೋಸ್ಕೋಪು. ಇಂಥ ಕಡೆ ವೂಸ್ಟರ್‌ನ ಮಾತು ಆಡಿದರೆ ನಗು ಬರಬಹುದು.

ಆದರೆ ಇದು ಹೊರಗಿನಿಂದ ತಂದ ಆಸೆಯೇನಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಓದುತ್ತಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ 1928ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಸಾಮರ್‌ಫೆಲ್ಡ್ ಅವರನ್ನು ಕಂಡು ಮಾತನಾಡಿದ. ತಾನು ಓದಿದ ಭೌತಶಾಸ್ತ್ರ ಹಳತಾಯಿತೆಂದು ತಿಳಿದು ಹೊಸದನ್ನು ಕಲಿಯಲು ಕುಳಿತ. ಮರುವರ್ಷ ಅವನ ಲೇಖನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಪದವಿ ಬಂದದ್ದು ಅದರ ಮುಂದಿನ ವರ್ಷ! ವಿಜ್ಞಾನದಲ್ಲಷ್ಟೇ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಯಾವ ಪಠ್ಯಕ್ರಮವೂ ಅದನ್ನು ಕೇಳಿರಲಿಲ್ಲ. ಒಂದು ಕಾಲೇಜಿನ ಸಂಘದ ಕೆಲಸ ಹೊಸಗನ್ನಡ ಸಾಹಿತ್ಯಕ್ಕೆ ವೇದಿಕೆಯಾಯಿತು.

ಈಚಿನ ವರ್ಷಗಳಲ್ಲಿ ಈ ಚರ್ಚೆ ಒಂದು ವರ್ಷ ಹೆಚ್ಚೋ ಕಡಿಮೆಯೋ ಎಂಬಲ್ಲಿಗೆ ಬಂದು ನಿಂತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಬಂತು. ಕರ್ನಾಟಕದಲ್ಲಿ ಅದು ಜಾರಿಯಾದದ್ದು 2021–22ರಲ್ಲಿ. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಬೇಕಾದರೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಂಕ ಇರಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2022ರಲ್ಲಿ ನಿಗದಿ ಮಾಡಿತು. ರಾಜ್ಯ ಸರ್ಕಾರ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದು ವರ್ಷದ ಹೆಚ್ಚುವರಿ ಖರ್ಚು ಬಡ ಕುಟುಂಬಗಳಿಗೆ ಭಾರ ಎಂಬ ವಾದದಲ್ಲಿ ಹುರುಳಿದೆ. ಆದರೆ ನಾಲ್ಕನೆಯ ವರ್ಷ ಹೋಯಿತೆಂದು ಸಂಶೋಧನೆಯೂ ಹೋಗಬೇಕೇ? ಶೇ 75 ಬಂದವರಿಗೆ ಮಾತ್ರ ಪ್ರಶ್ನೆ ಕೇಳುವ ಹಕ್ಕು ಎಂದಾಗಬೇಕೇ? ಜ್ಯುವೆಟ್ ಹಾಲ್‌ಗೆ ಬಾಗಿಲು ತೆರೆದದ್ದು ಕೊನೆಯ ಪರೀಕ್ಷೆಯ ಅಂಕಪಟ್ಟಿ ನೋಡಿದ ಮೇಲಲ್ಲ.

ಇರುವ ಅವಕಾಶಗಳನ್ನಾದರೂ ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇತರ ಎರಡು ಅಕಾಡೆಮಿಗಳೊಡನೆ ಸೇರಿ ನಡೆಸಿಕೊಂಡು ಬಂದಿರುವ ಬೇಸಿಗೆ ಫೆಲೋಶಿಪ್‌ಗೆ ಸಾಮಾನ್ಯ ಕಾಲೇಜುಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಇಂಥದೇ ಬೇಸಿಗೆ ಕಾರ್ಯಕ್ರಮಕ್ಕೆ ಹೆಸರಾಗಿದೆ. ಇವೆಲ್ಲ ಬೆರಳೆಣಿಕೆಯ ಜನರಿಗೆ ಸಿಗುವಂಥವು ಎಂಬುದೂ ನಿಜವೇ.

ಉಳಿದವರಿಗೆ ಊರೇ ಪ್ರಯೋಗಶಾಲೆ. ಹಾಲ್ ಲೋಹ ಕಂಡ 1886ರಲ್ಲೇ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರಬಂತು. ಆ ಸಂಪುಟಗಳಲ್ಲಿ ಅಚ್ಚಾದ ನಿಮ್ಮೂರಿನ ಶಾಸನ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಹೋಗಿ ನೋಡಲು ಯಾವ ಅನುದಾನವೂ ಬೇಡ. ಊರ ಕೆರೆಯ ನೀರು ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆ, ಸಂತೆಯಲ್ಲಿ ರಾಗಿಯ ಬೆಲೆಗೂ ಮಳೆಗೂ ಏನು ಸಂಬಂಧ, ಅಜ್ಜಿ ಬಳಸುವ ಯಾವ ಪದಗಳು ಮೊಮ್ಮಗಳ ಬಾಯಲ್ಲಿ ಉಳಿದಿಲ್ಲ. ಇವು ಯಾವುದಕ್ಕೂ ಗೈಡ್ ಪುಸ್ತಕದಲ್ಲಿ ಉತ್ತರವಿಲ್ಲ. ಅಧ್ಯಾಪಕರು ಮಾಡಬೇಕಾದದ್ದು ಇಷ್ಟೇ: ಪ್ರಶ್ನೆ ಹಿಡಿದು ಬಂದ ಒಬ್ಬ ವಿದ್ಯಾರ್ಥಿಯನ್ನಾದರೂ ‘ಸಿಲಬಸ್ಸಿನಲ್ಲಿಲ್ಲ’ ಎಂದು ಹಿಂದಕ್ಕೆ ಕಳಿಸದಿರುವುದು, ಬೀರುವಿನ ಬೀಗ ತೆಗೆಯುವುದು.

ವಿದ್ಯಾರ್ಥಿಗಳಿಗೆ ಬೇಕಾದದ್ದು ಒಂದು ನೋಟ್ ಪುಸ್ತಕ. ಪ್ರತಿ ಪುಟದ ಮೇಲೂ ತಾರೀಖು ಇರಲಿ. ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ, ಸೋತದ್ದನ್ನೂ ಬರೆಯಿರಿ. ಹಾಲ್‌ನ ಹಕ್ಕನ್ನು ಉಳಿಸಿದ್ದು ಅವನ ಬುದ್ಧಿಯೊಂದೇ ಅಲ್ಲ, ತಾರೀಖು ತಪ್ಪದೆ ಬರೆದಿಟ್ಟ ಅಕ್ಕನ ಶಿಸ್ತು ಕೂಡ. ನಾಳೆ ಬೆಳಿಗ್ಗೆ ಬುತ್ತಿಯ ಹಾಳೆ ಬಿಚ್ಚುವಾಗ ಆ ಇಬ್ಬರನ್ನೂ ಒಮ್ಮೆ ನೆನೆದರೆ ಸಾಕು.